ಮೂರನೇ ಮನೆಯ ಹೂಂ

ಇನ್ನೊಬ್ಬರ ಮಾತನ್ನು ಕೇಳಿಸಿಕೊಳ್ಳುವುದು ಹೇಗೆ ಎಂಬುದರ ಬಗ್ಗೆ ನಾನು ಭಾಷಣ ಮಾಡುತ್ತೇನೆ. ಅದೇ ನನ್ನ ಹೊಟ್ಟೆಪಾಡು. ವೈದ್ಯರು ರೋಗಿಯ ಮಾತನ್ನು ಎಲ್ಲಿ ತುಂಡರಿಸುತ್ತಾರೆ, ಟೀವಿಯಲ್ಲಿ ಕೂತ ತಜ್ಞರು ಹೇಳಿದ್ದರಲ್ಲಿ ಜನ ಯಾವುದನ್ನು ಕಿವಿಗೆ ಹಾಕಿಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದನ್ನೆಲ್ಲ ಸಂಶೋಧನೆ ಎಂದು ಕರೆದು ಸಂಬಳ ಕೊಡುವ ಒಂದು ವಿಭಾಗವಿದೆ. ಅದರಲ್ಲಿ ನಾನು ಹಿರಿಯ. ಸಹೋದ್ಯೋಗಿಗಳು ಬೆನ್ನ ಹಿಂದೆ ನನ್ನನ್ನು ಕಿವಿಮೇಷ್ಟ್ರು ಅನ್ನುತ್ತಾರೆ. ಎದುರಿಗೇ ಅಂದರೂ ನನಗೆ ಬೇಸರವಿರಲಿಲ್ಲ, ಒಳಗೊಳಗೇ ಉಬ್ಬುತ್ತಿದ್ದೆ.

ಹೊಸ ವೈದ್ಯರಿಗೆ ನಾನು ನಡೆಸುವ ತರಬೇತಿಗೆ ಒಳ್ಳೆಯ ಹೆಸರಿದೆ. ಪೆನ್ನು ಕೆಳಗಿಡಿ, ಕುರ್ಚಿಯನ್ನು ರೋಗಿಯ ಕಡೆ ತಿರುಗಿಸಿ, ತಲೆಯನ್ನು ತುಸು ಬಲಕ್ಕೆ ವಾಲಿಸಿ, 'ಆಮೇಲೆ?' ಎನ್ನಿ. ತಲೆ ಎಷ್ಟು ವಾಲಬೇಕೆಂದು ನಾನೇ ನಿಂತು ತೋರಿಸುತ್ತೇನೆ. ವಿಭಾಗದ ಪರಿಚಯ ಪುಸ್ತಿಕೆಯ ಮುಖಪುಟದಲ್ಲಿ ನಾನು ಹಾಗೆ ವಾಲಿಕೊಂಡೇ ಇದ್ದೇನೆ. ಅಮ್ಮ ಅದನ್ನು ನೋಡಿ, "ಕತ್ತು ಉಳುಕಿತ್ತೇನೋ ಆವತ್ತು?" ಎಂದು ಕೇಳಿದ್ದಳು.

ಮನೆಯಲ್ಲಿ ನಾವು ಮೂವರು. ಅಮ್ಮ, ನಾನು, ನನ್ನ ಹೆಂಡತಿ. ಅವಳು ಊರಿನ ಇನ್ನೊಂದು ತುದಿಯ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಕೆಲವು ತಿಂಗಳಿಂದ ಬಿಡುವಾದಾಗಲೆಲ್ಲ ಏನೋ ಬರೆಯುತ್ತಿದ್ದಳು. ಏನೆಂದು ನನಗೆ ಹೇಳಿದ್ದಳಂತೆ. ಈ 'ಅಂತೆ'ಯಲ್ಲೇ ನನ್ನ ಸಂಸಾರದ ಸಾರವೆಲ್ಲ ಇದೆ ಎಂದು ಆಗ ನನಗೆ ತಿಳಿದಿರಲಿಲ್ಲ.

ಆರೋಗ್ಯ ಮತ್ತು ಮಾಧ್ಯಮದ ಸಂಶೋಧನೆಗೇ ಮೀಸಲಾದ ಒಂದು ಪತ್ರಿಕೆ ಇದೆ. ಅದನ್ನು ಓದಲು ಚಂದಾ ಬೇಡ, ಪಾಸ್‌ವರ್ಡ್ ಬೇಡ. ಕೈಯಲ್ಲಿ ಫೋನಿದ್ದ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು. ಲೇಖನ ಮಾತ್ರವಲ್ಲ, ಪ್ರಕಟಣೆಗೆ ಮುಂಚೆ ಅದನ್ನು ತೂಗಿ ನೋಡಿದ ವಿಮರ್ಶಕರ ವರದಿ, ಆ ವರದಿಗೆ ಲೇಖಕರು ಕೊಟ್ಟ ಉತ್ತರ, ಎಲ್ಲವೂ ಲೇಖನದ ಕೆಳಗೇ ಇರುತ್ತವೆ. ಲೇಖಕರು ಯಾರೆಂದು ವಿಮರ್ಶಕನಿಗೆ ತಿಳಿಸುವುದಿಲ್ಲ. ವಿಮರ್ಶಕ ಯಾರೆಂಬುದು ಮಾತ್ರ ಲೇಖಕರಿಗೂ ಲೋಕಕ್ಕೂ ತಿಳಿಯಲೇಬೇಕು. ಮರೆಯಲ್ಲಿ ನಿಂತು ಕಲ್ಲು ಹೊಡೆಯಬೇಡಿ, ಹೊಡೆದರೆ ಮುಖ ತೋರಿಸಿ ಹೊಡೆಯಿರಿ ಎಂಬುದು ಅವರ ನಿಯಮ. ಈ ನಿಯಮವನ್ನು ಕೊಂಡಾಡಿ ನಾನು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಆ ಪತ್ರಿಕೆಯ ಸಂಪಾದಕಿ ವಿಮರ್ಶೆಗೆಂದು ನನಗೊಂದು ಲೇಖನ ಕಳಿಸಿದಳು. ಮನೆಯಲ್ಲಿ ಒಬ್ಬರು ನೋವು ಹೇಳಿಕೊಂಡಾಗ ಉಳಿದವರು ಏನು ಉತ್ತರ ಕೊಡುತ್ತಾರೆ ಎಂಬುದು ಅದರ ವಿಷಯ. ಲೇಖಕರು ಕೆಲವು ಮನೆಗಳ ಒಪ್ಪಿಗೆ ಪಡೆದು, ಊಟದ ಜಾಗದಲ್ಲಿ ಪುಟ್ಟ ರೆಕಾರ್ಡರ್ ಇಟ್ಟು, ಮಾತುಗಳನ್ನು ಇದ್ದಂತೆಯೇ ಬರೆದುಕೊಂಡಿದ್ದರು. ಗುರುತು ಸಿಗದಿರಲೆಂದು ಉದ್ಯೋಗ, ವಯಸ್ಸು ಮುಂತಾದ ವಿವರ ಬದಲಿಸಲಾಗಿದೆ ಎಂದೂ ಹೇಳಿದ್ದರು. ಮನೆಗಳಲ್ಲಿ ಅತಿ ಹೆಚ್ಚು ಸಿಗುವ ಉತ್ತರ 'ಹೂಂ' ಎಂಬುದು ಅವರು ಕಂಡುಕೊಂಡ ಸತ್ಯ. ಕೇಳಿಸಿಕೊಂಡು ಅನ್ನುವ ಹೂಂ ಒಂದು. ಸಾಕು ನಿಲ್ಲಿಸು ಅನ್ನುವ ಹೂಂ ಇನ್ನೊಂದು. ಮೂರನೆಯದು, ಏನೂ ಕೇಳಿಸದೆ, ಬಾಯಿ ತನ್ನ ಪಾಡಿಗೆ ತಾನು ಅನ್ನುವ ಹೂಂ. ಈ ಮೂರನೆಯದಕ್ಕೆ ಮೂರನೇ ಮನೆಯ ಗಂಡನೇ ಉತ್ತಮ ಮಾದರಿಯಂತೆ. ಅವನು ಒಂದು ವಿಮಾ ಕಂಪನಿಯ ಅಧಿಕಾರಿ. ಮನೆಯಲ್ಲಿ ಅವನು, ಶಾಲೆಯಲ್ಲಿ ಟೀಚರಾಗಿರುವ ಹೆಂಡತಿ, ಮತ್ತು ಅವನ ತಾಯಿ.

ಹೆಂಡತಿ: ರೀ, ಮೆಟ್ಟಿಲು ಹತ್ತುವಾಗ ದವಡೆ ಹಿಡ್ಕೊಳ್ಳುತ್ತೆ. ಎಡಗಡೆ.

ಗಂಡ: ಹೂಂ.

ಹೆಂಡತಿ: ನಿಂತ್ರೆ ಹೋಗುತ್ತೆ. ಮತ್ತೆ ಹತ್ತಿದ್ರೆ ಬರುತ್ತೆ.

ಗಂಡ: ಹಲ್ಲಿನ ಡಾಕ್ಟ್ರಿಗೆ ತೋರಿಸು.

ಹೆಂಡತಿ: ತೋರಿಸ್ದೆ. ಹಲ್ಲು ಚೆನ್ನಾಗಿದೆಯಂತೆ.

ಗಂಡ: ಒಳ್ಳೇದಾಯ್ತಲ್ಲ.

ಇನ್ನೊಂದು ದಿನದ ಮಾತು ಹೀಗಿತ್ತು.

ಹೆಂಡತಿ: ಇವತ್ತು ಎರಡನೇ ಮಹಡಿಯಲ್ಲೇ ಕೂತ್ಬಿಟ್ಟೆ. ಹತ್ತೋಕೇ ಆಗ್ಲಿಲ್ಲ.

ಗಂಡ: ಹೂಂ. ಯಾರ ಮನೇಲಿ?

ಅತ್ತೆ: ಅವನಿಗೆ ಯಾಕಮ್ಮ ಹೇಳ್ತೀಯ? ಆ ಫ್ರಿಜ್ಜಿಗೆ ಹೇಳು. ಬಾಗಿಲು ತೆಗೆದ್ರೆ ದೀಪನಾದ್ರೂ ಹತ್ತುತ್ತೆ.

ನಾನು ಬಿದ್ದು ಬಿದ್ದು ನಕ್ಕೆ. ಕಣ್ಣೀರು ಒರೆಸಿಕೊಂಡು, ಅದೇ ಕೋಣೆಯಲ್ಲಿ ಪ್ರಿಂಟರಿನ ಆ ಕಡೆ ಕೂರುವ ಅಂಕಿಅಂಶದ ಮೇಡಂಗೆ ಓದಿ ಹೇಳಿದೆ. ಗಂಡನ ದನಿ, ಹೆಂಡತಿಯ ದನಿ, ಮುದುಕಿಯ ದನಿ ಎಲ್ಲವನ್ನೂ ಬೇರೆ ಬೇರೆ ಮಾಡಿ ಅಭಿನಯಿಸಿದೆ. ಗಂಡನ 'ಹೂಂ' ನನಗೆ ಎಷ್ಟು ಸಲೀಸಾಗಿ ಬಂತೆಂದರೆ ಮೇಡಂ, "ಸರ್, ನೀವು ನಾಟಕಕ್ಕೆ ಸೇರ್ಬೇಕಿತ್ತು," ಎಂದರು.

"ಇಂಥವ್ರು ನಿಜಕ್ಕೂ ಇರ್ತಾರಾ ಮೇಡಂ?" ಎಂದೆ.

"ಇರ್ತಾರೆ ಸರ್," ಎಂದರು ಮೇಡಂ, ಯಾಕೋ ನಾನು ಎಣಿಸಿದಷ್ಟು ನಗದೆ.

ಎರಡನೇ ಸಲ ಓದುವಾಗ ನನಗೂ ನಗು ಬರಲಿಲ್ಲ. ಆಸ್ಪತ್ರೆಗಳಲ್ಲಿ ಕೂತು ಕೂತು ಇಷ್ಟಾದರೂ ಕಲಿತಿದ್ದೇನೆ: ಹತ್ತಿದರೆ ಬಂದು ನಿಂತರೆ ಹೋಗುವ ನೋವು, ಅದೂ ಹೆಂಗಸಿನ ದವಡೆಯಲ್ಲಿ, ಹಲ್ಲಿನದ್ದಲ್ಲದೆ ಹೃದಯದ್ದೂ ಆಗಿರಬಹುದು. ಆ ಹೆಂಗಸು ತನಗೆ ತಿಳಿದ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳುತ್ತಿದ್ದಾಳೆ, ಮನೆಯಲ್ಲಿ ಒಬ್ಬ ಗಂಡಸು ಬಾಯಿ ತುಂಬ ಅನ್ನ ಇಟ್ಟುಕೊಂಡು ಹೂಂ ಅನ್ನುತ್ತಿದ್ದಾನೆ. ನನಗೆ ನಿಜವಾಗಿಯೂ ಸಿಟ್ಟು ಬಂತು. ಸಿಟ್ಟಿನಲ್ಲಿ ನಾನು ಚೆನ್ನಾಗಿ ಬರೆಯುತ್ತೇನೆ.

ಒಂದು, ಎಂದು ಬರೆದೆ: ಮೂರನೇ ಮನೆಯ ಗಂಡ ನಂಬಲು ಯೋಗ್ಯನಾದ ವ್ಯಕ್ತಿಯಲ್ಲ. ಇಷ್ಟು ಜಡ ಕಿವಿಯವನು ಸಂಸಾರ ನಡೆಸಿಕೊಂಡು ಹೋಗುವುದು ಸಾಧ್ಯವಿಲ್ಲ. ಲೇಖಕರು ಉಪ್ಪುಖಾರ ಹಚ್ಚಿದ್ದಾರೆಯೇ ಎಂಬ ಅನುಮಾನ ಬರುತ್ತದೆ. ಎರಡು: ಈ ಕ್ಷೇತ್ರದ ಮುಖ್ಯ ಬರಹಗಳನ್ನು ಲೇಖಕರು ಗಮನಿಸಿಲ್ಲ. (ಆ ಮುಖ್ಯ ಬರಹಗಳು ನನ್ನವು.) ಮೂರು: ಇಂಥ ಗಂಡಂದಿರಿಗೆ ತರಬೇತಿಯ ಅಗತ್ಯವಿದೆ ಎಂದು ಲೇಖನ ಶಿಫಾರಸು ಮಾಡಬೇಕು. (ಆ ತರಬೇತಿಯೂ ನನ್ನದೇ.) ನಾಲ್ಕು: ಇದು ಎಲ್ಲಕ್ಕಿಂತ ಮುಖ್ಯ. ಈ ಹೆಂಗಸಿನ ಮಾತನ್ನು ಲೇಖಕರು ಬರೆದುಕೊಂಡು ಸುಮ್ಮನಿದ್ದದ್ದು ಯಾಕೆ? ಆಕೆ ಮತ್ತೆ ಮತ್ತೆ ಹೇಳುತ್ತಿರುವುದು ಯಾರಿಗೂ ಕೇಳಿಸುತ್ತಿಲ್ಲವೇ? ಲೇಖನ ಪ್ರಕಟವಾಗುವುದು ತಡವಾದರೂ ಪರವಾಗಿಲ್ಲ, ಆಕೆಯನ್ನು ಮೊದಲು ಹೃದಯದ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಕೆಳಗೆ ನನ್ನ ಪೂರ್ತಿ ಹೆಸರು, ಹುದ್ದೆ, ಪದವಿಗಳನ್ನೆಲ್ಲ ಹಾಕಿ, ಊಟಕ್ಕೆ ಮುಂಚೆಯೇ ಕಳಿಸಿಬಿಟ್ಟೆ. ಒಂದು ಜೀವ ಉಳಿಸಿದ ತೃಪ್ತಿಯಲ್ಲಿ ಕ್ಯಾಂಟೀನಿಗೆ ಹೋಗಿ, ಫ್ರಿಜ್ಜಿನ ಜೋಕನ್ನು ಅಲ್ಲಿಯೂ ಹೇಳಿದೆ. ಲೇಖನ ಅಚ್ಚಾಗುವ ತನಕ ಅದು ಗುಟ್ಟು, ಹೇಳಬಾರದು. ನಿಯಮ ಪಾಲನೆಯ ಬಗ್ಗೆಯೂ ನಾನು ಪಾಠ ಮಾಡುತ್ತೇನೆ.

ಸಂಜೆ ಮನೆಗೆ ಬಂದೆ. ನಮ್ಮದು ಮೂರನೇ ಮಹಡಿ. ಲಿಫ್ಟಿನ ಬಾಗಿಲಿಗೆ ಅಂಟಿಸಿದ 'ದುರಸ್ತಿಯಲ್ಲಿದೆ' ಎಂಬ ಕಾಗದ ಹಳದಿಯಾಗಿ, ಅದಕ್ಕೇ ದುರಸ್ತಿ ಬೇಕಾಗಿದೆ. ನಾನು ಸಿಳ್ಳೆ ಹಾಕುತ್ತ ಹತ್ತಿದೆ.

ಊಟಕ್ಕೆ ಕೂತೆವು. ತಟ್ಟೆಯ ಪಕ್ಕ ನನ್ನ ಫೋನು. ಹಿಂದಿನ ವಾರದ ನನ್ನ ಭಾಷಣದ ತುಣುಕನ್ನು ಯಾರೋ ಹಾಕಿದ್ದರು. ಅದರ ಕೆಳಗಿನ ಹೊಗಳಿಕೆಗಳನ್ನು ಒಂದೊಂದಾಗಿ ಮೆಲ್ಲುತ್ತಿದ್ದೆ. ಪಕ್ಕದಲ್ಲಿ ನನ್ನ ಹೆಂಡತಿ ಏನೋ ಹೇಳಿದಳು.

"ಹೂಂ," ಎಂದೆ.

ಅಮ್ಮ ಸೌಟನ್ನು ಪಾತ್ರೆಯಲ್ಲಿ ಬಿಟ್ಟಳು. "ಎಷ್ಟು ಸಲ ಹೇಳ್ಲಿ ನಿಂಗೆ? ಅವನಿಗೆ ಯಾಕಮ್ಮ ಹೇಳ್ತೀಯ? ಆ ಫ್ರಿಜ್ಜಿಗೆ ಹೇಳು. ಬಾಗಿಲು ತೆಗೆದ್ರೆ ದೀಪನಾದ್ರೂ ಹತ್ತುತ್ತೆ."

ನಾನು ಗೊಳ್ಳೆಂದು ನಕ್ಕೆ. ನನ್ನ ಬುದ್ಧಿಯ ವೇಗ ನೋಡಿ: ಅಮ್ಮನಿಗೆ ಈ ಲೇಖನ ಎಲ್ಲಿ ಸಿಕ್ಕಿತು, ಇನ್ನೂ ಪ್ರಕಟವೇ ಆಗಿಲ್ಲವಲ್ಲ ಎಂಬುದು ನನಗೆ ಮೊದಲು ಹೊಳೆದದ್ದು. ಕ್ಯಾಂಟೀನಿನಲ್ಲಿ ನಾನು ಹೇಳಿದ್ದು ಇಷ್ಟು ಬೇಗ ಮನೆಯವರೆಗೆ ಬಂತೇ ಎಂಬುದು ಎರಡನೆಯದು. ಮೂರನೆಯದು ಹೊಳೆಯುವ ಹೊತ್ತಿಗೆ ಕಣ್ಣು ತಾನಾಗಿ ಫ್ರಿಜ್ಜಿನ ಕಡೆ ಹೋಯಿತು. ಅದರ ಮೇಲೆ, ಔಷಧಿ ಡಬ್ಬಿಗೆ ಒರಗಿಕೊಂಡು, ಬೆರಳುದ್ದದ ಕರಿ ಪೆಟ್ಟಿಗೆಯೊಂದು ಕೂತಿತ್ತು. ಅದನ್ನು ನಾನು ಸೊಳ್ಳೆ ಓಡಿಸುವ ಯಂತ್ರ ಅಂದುಕೊಂಡಿದ್ದೆ. ಅದು ಬಂದ ಮೇಲೆ ಸೊಳ್ಳೆ ಕಮ್ಮಿಯಾಗಿದೆ ಎಂದು ಹೊಗಳಿದ್ದೂ ಉಂಟು.

ನಗು ಬಾಯಲ್ಲೇ ನಿಂತಿತು. ವಿಮಾ ಕಂಪನಿಯ ಅಧಿಕಾರಿ ನಾನು. ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತವಳು, ಇಷ್ಟು ತಿಂಗಳು ಇದನ್ನೇ ಬರೆಯುತ್ತಿದ್ದವಳು ಇವಳು. ಯಾರ ಮನೇಲಿ ಎಂದು ಕೇಳಿದವನೂ ನಾನೇ. ಅವಳು ಮುಂದಿಟ್ಟ ಒಪ್ಪಿಗೆ ಪತ್ರಕ್ಕೆ ಓದದೆ ಸಹಿ ಹಾಕಿದವನೂ ನಾನೇ.

ಆಗ ನನಗೆ ಭಯವಾಯಿತು. ಅವಳ ದವಡೆ, ಅವಳ ಹೃದಯ ನೆನಪಾಗಿ ಭಯವಾಯಿತು ಎಂದು ಬರೆಯಲು ಕೈ ತುಡಿಯುತ್ತದೆ. ಸುಳ್ಳು. ಮೊದಲು ಹೆದರಿದ್ದು ನನ್ನ ಹೆಸರಿಗೆ. ಕಿವಿಮೇಷ್ಟ್ರ ವರದಿ ಲೋಕಕ್ಕೆಲ್ಲ ಬಿಟ್ಟಿಯಾಗಿ ಸಿಗಲಿತ್ತು. ಕೈ ತೊಳೆದು, ಫೋನ್ ಹಿಡಿದು, ಹೊರಗೆ ಮೆಟ್ಟಿಲ ಹತ್ತಿರ ಹೋಗಿ ಸಂಪಾದಕಿಗೆ ಫೋನ್ ಮಾಡಿದೆ.

"ಮೇಡಂ, ನನ್ನ ವರದಿ ವಾಪಸ್ ಬೇಕಿತ್ತು."

"ಅದು ಆಗ್ಲೇ ಲೇಖಕರಿಗೆ ಹೋಯ್ತಲ್ಲ ಸರ್. ಮಧ್ಯಾಹ್ನನೇ ಕಳಿಸ್ದೆ. ತುಂಬ ಮನಸ್ಸಿಟ್ಟು ಬರೆದಿದ್ರಿ. ಯಾಕೆ, ಏನಾಯ್ತು?"

"ಆ ಲೇಖನ ಬರೆದಿರೋದು ನನ್ನ ಹೆಂಡತಿ."

"ಅಯ್ಯೋ. ನೀವಿಬ್ರೂ ಒಂದೇ ಮನೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಸರ್? ಬೇರೆ ಬೇರೆ ಸಂಸ್ಥೆ, ಬೇರೆ ಬೇರೆ ಹೆಸರು. ನಿಮಗೆ ಓದುವಾಗ ಗೊತ್ತಾಗ್ಲಿಲ್ವಾ? ಮನೇಲಿ ಅವರು ಇದರ ಬಗ್ಗೆ ಮಾತಾಡಿರ್ತಾರಲ್ಲ?"

"ಮಾತಾಡಿದ್ರಂತೆ."

"ಸರ್, ಹಾಗಾದ್ರೆ," ಎಂದವಳು ಹಾಗೇ ತಡೆದು, "ಆ ಮೂರನೇ ಮನೆ?" ಎಂದಳು.

ನಾನು ಹೂಂ ಎಂದೆ. ನನ್ನ ಜೀವನದಲ್ಲಿ ಪೂರ್ತಿ ಕೇಳಿಸಿಕೊಂಡು ಅಂದ ಮೊದಲ ಹೂಂ ಅದೇ ಇರಬೇಕು.

ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ವರದಿ ವಿಷಯ ಆಮೇಲೆ ನೋಡೋಣ ಸರ್," ಎಂದಳು. "ಅವರು ಡಾಕ್ಟ್ರಿಗೆ ತೋರಿಸಿದ್ರಾ?"

ನನಗೆ ಗೊತ್ತಿರಲಿಲ್ಲ. ಫೋನ್ ಇಟ್ಟು ಮೆಟ್ಟಿಲ ಕಡೆ ನೋಡಿದೆ. ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ಅವಳು ದಿನವೂ ಹತ್ತುವ ಮೆಟ್ಟಿಲು. ಆ ತಿರುವಿನಲ್ಲಿ ಕೂತು, ಕೆನ್ನೆ ಹಿಡಿದುಕೊಂಡು, ಮೇಲಿನಿಂದ ಯಾರಾದರೂ ಬರಬಹುದೇ ಎಂದು ನೋಡಿರಬಹುದು. ಆಗ ಬಂತು ನೋಡಿ ನಿಜವಾದ ಭಯ.

ಒಳಗೆ ಬಂದಾಗ ಅಮ್ಮ ತನ್ನ ಕೋಣೆ ಸೇರಿದ್ದಳು. ನನ್ನ ಹೆಂಡತಿ ಮೇಜು ಒರೆಸುತ್ತಿದ್ದಳು. ನಾನು ಕುರ್ಚಿ ಎಳೆದು ಅವಳ ಕಡೆ ತಿರುಗಿಸಿ ಕೂತೆ. ಅಭ್ಯಾಸಬಲದಿಂದ ತಲೆ ಬಲಕ್ಕೆ ವಾಲಿತು.

"ಕತ್ತು ನೆಟ್ಟಗಿಡ್ರಿ," ಎಂದಳು.

ನೆಟ್ಟಗಿಟ್ಟೆ. "ಊಟ ಮಾಡುವಾಗ ಏನೋ ಅಂದ್ಯಲ್ಲ, ಏನದು?"

"ನಾಳೆ ಬೆಳಿಗ್ಗೆ ಹಾರ್ಟ್ ಡಾಕ್ಟ್ರ ಹತ್ರ ಟೈಮ್ ತಗೊಂಡಿದೀನಿ, ಜೊತೆಗೆ ಬರ್ತೀರಾ ಅಂದೆ. ನೀವು ಹೂಂ ಅಂದ್ರಿ. ಅದು ಯಾವ ಹೂಂ ಅಂತ ಗೊತ್ತಾಗ್ಲಿಲ್ಲ."

"ಬರ್ತೀನಿ," ಎಂದೆ. "ಇಷ್ಟು ದಿನ ಯಾಕೆ ಹೋಗ್ಲಿಲ್ಲ ನೀನು?"

ಅವಳು ಬಟ್ಟೆ ಹಿಂಡಿ ನಲ್ಲಿಯ ಮೇಲೆ ಹರವಿದಳು. "ನಾನೂ ನರ್ಸುಗಳಿಗೆ ಪಾಠ ಮಾಡೋಳು, ನಂಗೇನು ಗೊತ್ತಿಲ್ವಾ? ಗೊತ್ತಿತ್ತು. ಹೋಗು ಅಂತ ಯಾರಾದ್ರೂ ಒಬ್ರು ಹೇಳ್ಲಿ ಅಂತ ಕಾಯ್ತಿದ್ದೆ ಅನ್ಸುತ್ತೆ. ಪೆದ್ದುತನ ಅದು. ಹೇಳಿ ಹೇಳಿ, ಆಮೇಲೆ ಹೇಳೋದನ್ನೇ ಲೇಖನ ಮಾಡ್ಕೊಂಡೆ."

"ನನ್ನ ವರದಿ..."

"ಬಂತು. ಸ್ಟಾಫ್ ರೂಮಲ್ಲಿ ಓದ್ದೆ. ಮೊದಲ ಮೂರು ಓದಿ ಯಾವನೋ ಜಂಬದ ಕೋಳಿ ಅಂದ್ಕೊಂಡೆ. ನಾಲ್ಕನೇದು ಓದಿ ಅತ್ತುಬಿಟ್ಟೆ ರೀ. ಮುಖ ನೋಡಿರದೋರು ಯಾರೋ ಒಬ್ರು ನನ್ನ ಮಾತು ಕೇಳಿಸ್ಕೊಂಡ್ರಲ್ಲ, ಕರ್ಕೊಂಡು ಹೋಗಿ ಅಂತ ಜಗಳ ಆಡ್ತಿದಾರಲ್ಲ ಅಂತ. ಆಗಲೇ ಆಸ್ಪತ್ರೆಗೆ ಫೋನ್ ಮಾಡ್ದೆ. ಫೋನ್ ಇಟ್ಟ ಮೇಲೆ ಕೆಳಗೆ ಹೆಸರು ನೋಡ್ದೆ."

"ನೋಡಿ?"

"ನಗು ಬಂತು. ಆಮೇಲೆ ಮತ್ತೆ ಅಳು ಬಂತು. ಯಾವುದು ಯಾಕೆ ಅಂತ ಇನ್ನೂ ವಿಂಗಡಿಸಿಲ್ಲ."

ನನ್ನ ತರಬೇತಿಯಲ್ಲಿ ಇಂಥ ಹೊತ್ತಿಗೆಂದು ಒಳ್ಳೊಳ್ಳೆಯ ವಾಕ್ಯಗಳಿವೆ. ಎದ್ದು ಹೋಗಿ, ಆಗಲೇ ಒರೆಸಿದ್ದ ಮೇಜನ್ನು ಮತ್ತೊಮ್ಮೆ ಒರೆಸಿದೆ.

ಮರುದಿನ ಹೃದಯದ ಡಾಕ್ಟರು, ಇನ್ನೂ ಎಳೆ ವಯಸ್ಸಿನವರು, "ಏನಾಗ್ತಿದೆ, ಹೇಳಿ," ಎಂದು ಅವಳ ಕಡೆ ಕುರ್ಚಿ ತಿರುಗಿಸಿದರು. ಅವಳು ಬಾಯಿ ತೆರೆಯುವ ಮುಂಚೆ ನಾನು ಶುರುಮಾಡಿಬಿಟ್ಟೆ. ನೋವು ಎಡ ದವಡೆಯಲ್ಲಿ. ಮೆಟ್ಟಿಲು ಹತ್ತಿದಾಗ. ನಿಂತರೆ ಹೋಗುತ್ತೆ. ಹಲ್ಲಿನವರು ಏನಿಲ್ಲ ಅಂದಿದ್ದಾರೆ. ಒಂದು ದಿನ ಎರಡನೇ ಮಹಡಿಯಲ್ಲೇ ಕೂತುಬಿಟ್ಟಳು. ವಿಮರ್ಶಕನಾಗಿ ಕಂಠಪಾಠವಾಗುವಷ್ಟು ಓದಿದ್ದೆನಲ್ಲ, ಒಂದಕ್ಷರ ಬಿಡದೆ ಒಪ್ಪಿಸಿದೆ.

ಡಾಕ್ಟರು ತಲೆದೂಗಿದರು. "ಇಷ್ಟು ಸೂಕ್ಷ್ಮವಾಗಿ ಗಮನಿಸೋ ಗಂಡಂದಿರು ಸಿಗೋದು ಕಷ್ಟ. ನೀವು ಪುಣ್ಯ ಮಾಡಿದ್ರಿ ಮೇಡಂ."

ನಾನು ನೆಲ ನೋಡಿದೆ. ನೆಲ ಬಿರಿಯಲಿಲ್ಲ.

"ಹೂಂ," ಎಂದಳು ನನ್ನ ಹೆಂಡತಿ. ಅವಳ ಲೇಖನದಲ್ಲಿರುವ ಮೂರು ಬಗೆಗಳಲ್ಲಿ ಯಾವುದಕ್ಕೂ ಸೇರದ ಹೂಂ ಅದು.

ಪರೀಕ್ಷೆಗಳಾದವು. ಹೃದಯದ ಒಂದು ರಕ್ತನಾಳ ತುಂಬ ಕಿರಿದಾಗಿತ್ತು. ಕೂಡಲೇ ಸ್ಟೆಂಟ್ ಹಾಕಬೇಕು, ಇನ್ನೂ ತಡಮಾಡಿದ್ದರೆ ಏನಾಗುತ್ತಿತ್ತೋ ಎಂದರು. ಅವಳನ್ನು ಗಾಲಿ ಮಂಚದ ಮೇಲೆ ಮಲಗಿಸಿ ಕಾರಿಡಾರಿನಲ್ಲಿ ತಳ್ಳಿಕೊಂಡು ಹೊರಟರು. ಬಾಗಿಲ ಹತ್ತಿರ ಅವಳು ನನ್ನ ಕಡೆ ಕತ್ತು ಹೊರಳಿಸಿ ಏನೋ ಹೇಳಿದಳು. ಗಾಲಿಯ ಗಡಗಡ ಸದ್ದಿನಲ್ಲಿ, ಈ ಸಲ ನಿಜವಾಗಿಯೂ ಕೇಳಿಸಲಿಲ್ಲ. ಹೂಂ ಎಂಬುದು ತುಟಿಯ ತನಕ ಬಂದಿತ್ತು. ಅದನ್ನು ನುಂಗಿ, ಓಡಿ ಹೋಗಿ ಮಂಚದ ಕಂಬಿ ಹಿಡಿದೆ.

"ನಿಲ್ಸಿ, ನಿಲ್ಸಿ. ಏನಂದೆ? ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಮಂಚ ತಳ್ಳುತ್ತಿದ್ದವನು ಬೇಸರದಿಂದ ನಿಲ್ಲಿಸಿದ.

"ಹೆದರಿಕೆ ಆಗ್ತಿದೆ ಅಂದೆ," ಎಂದಳು.

ಹೆದರಬೇಡ ಅನ್ನಬಾರದು, ಅದು ರೋಗಿಯ ಬಾಯಿ ಮುಚ್ಚಿಸುತ್ತದೆ ಎಂದು ನಾನೇ ಎಲ್ಲರಿಗೂ ಹೇಳಿಕೊಡುತ್ತೇನೆ. ಅದರ ಬದಲು ಏನು ಅನ್ನಬೇಕೆಂದು ಒಂದಿಡೀ ಅಧ್ಯಾಯ ಬರೆದಿದ್ದೇನೆ.

"ನನಗೂ," ಎಂದೆ. ಅತ್ತೂಬಿಟ್ಟೆ. ಅವಳು ನನ್ನ ಕೈ ಹಿಡಿದು, ಬಿಟ್ಟಳು. ಮಂಚ ಒಳಗೆ ಹೋಯಿತು.

ಅವಳು ಮನೆಗೆ ಬಂದು, ಮೆಲ್ಲಗೆ ಮೆಟ್ಟಿಲು ಹತ್ತಿ ಇಳಿಯುವಷ್ಟಾದ ಮೇಲೆ ಸಂಪಾದಕಿಯ ಫೋನ್ ಬಂತು. ಗಂಡನ ವರದಿ ಲೆಕ್ಕಕ್ಕೆ ಬರುವುದಿಲ್ಲ, ಬೇರೊಬ್ಬರಿಂದ ಬರೆಸಿದ್ದೇವೆ. ಆದರೆ ಬಂದ ವರದಿಯನ್ನು ಬಚ್ಚಿಡುವುದು ನಮ್ಮ ಪತ್ರಿಕೆಯ ನಿಯಮದಲ್ಲಿಲ್ಲ. ಇಬ್ಬರೂ ಒಪ್ಪಿದರೆ ನಡೆದದ್ದನ್ನು ನಡೆದ ಹಾಗೇ ಹಾಕುತ್ತೇವೆ ಎಂದಳು. ಹೆಂಡತಿ ನನ್ನ ಮುಖ ನೋಡಿದಳು. ಸಂಪಾದಕಿ ಕಳಿಸಿದ್ದನ್ನು ಈ ಸಲ ಪೂರ್ತಿ ಓದಿ ಒಪ್ಪಿದೆ. ಅಮ್ಮನಿಗೆ ಮಾತ್ರ ಫ್ರಿಜ್ಜಿನ ಮಾತಿನ ಕೆಳಗೆ ತನ್ನ ಹೆಸರಿಲ್ಲ ಎಂದು ಬೇಜಾರು.

ಈಗ ಆ ಲೇಖನ ಯಾರು ಬೇಕಾದರೂ ಓದಬಹುದು. ನನ್ನ ಯಾವ ಬರಹವನ್ನೂ ಇಷ್ಟು ಜನ ಓದಿರಲಿಲ್ಲ. ಅಂಕಿಅಂಶದ ಮೇಡಂ ಅದನ್ನು ತಮ್ಮ ಮನೆಯವರಿಗೆ ಓದಿ ಹೇಳಿದರಂತೆ. ವಿದ್ಯಾರ್ಥಿಗಳು ನನ್ನ ತರಗತಿಯಲ್ಲಿ ಯಾಕೆ ಕೆಮ್ಮುತ್ತಾರೆಂದು ನನಗೆ ಗೊತ್ತು. ಲೇಖನದ ಕೊನೆಯಲ್ಲಿ ನನ್ನ ವರದಿ ಇದೆ. ಆ ವರದಿಯ ಕೆಳಗೆ, ಎಲ್ಲ ಲೇಖಕರೂ ಕೊಡುವಂತೆ, ನನ್ನ ಹೆಂಡತಿ ಕೊಟ್ಟ ಉತ್ತರ ಇದೆ.

ಮೊದಲನೇ ಆಕ್ಷೇಪ, ಇಂಥ ಗಂಡ ಇರಲಾರ. ಉತ್ತರ: ಇದ್ದಾನೆ. ವಿಳಾಸ ಬೇಕಿದ್ದರೆ ವಿಮರ್ಶಕರನ್ನೇ ಕೇಳಬಹುದು.

ಎರಡು ಮತ್ತು ಮೂರನೇ ಆಕ್ಷೇಪ. ಉತ್ತರ: ಹೂಂ.

ನಾಲ್ಕನೇ ಆಕ್ಷೇಪ, ಆ ಹೆಂಗಸನ್ನು ವೈದ್ಯರ ಬಳಿ ಕರೆದುಕೊಂಡು ಹೋಗಬೇಕಿತ್ತು. ಉತ್ತರ: ಒಪ್ಪಿದೆ. ವಿಮರ್ಶಕರೇ ಕರೆದುಕೊಂಡು ಹೋದರು. ಹೆಂಗಸು ಚೆನ್ನಾಗಿದ್ದಾಳೆ.